ಅರ್ಧ ಸ್ವೆಟರು, ಆರು ತಿಂಗಳ ಮಾತ್ರೆ

ನಮ್ಮ ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ತಿರುಗಿ ನೋಡುವವರಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಬೀದಿ ನಮ್ಮದು. ಪ್ರತಿ ಮನೆಗೂ ಮುಂದೆ ಒಂದೆರಡು ಕೋಣೆ, ಹಿಂದೆ ಮಗ್ಗದ ಶೆಡ್ಡು. ಬೆಳಗಾದರೆ ಪವರ್‌ಲೂಮುಗಳ ಸದ್ದು, ಗಾಳಿಯಲ್ಲೆಲ್ಲ ನೂಲಿನ ಧೂಳು. ಗಂಟಲು ಕೆರೆದರೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಮತ್ತೆ ಕೆಲಸಕ್ಕೆ ಕೂರುತ್ತೇವೆ. ನನಗೆ ಕೆಮ್ಮು ಶುರುವಾದಾಗಲೂ ಹಾಗೇ ಮಾಡಿದೆ. ಕಂಡಿಕೆ ಸುತ್ತುವುದು, ಅಂದರೆ ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗಳಿಗೆ ನೂಲು ತುಂಬುವುದು ನನ್ನ ಪಾಲಿನ ಕೆಲಸ. ಒಂದು ಕೈ ರಾಟೆಯ ಮೇಲೆ, ಇನ್ನೊಂದು ಕೈ ಬೆಲ್ಲದ ಡಬ್ಬಿಯ ಮೇಲೆ ಇಟ್ಟುಕೊಂಡೇ ಒಂದು ಚಳಿಗಾಲ ಕಳೆದುಬಿಟ್ಟೆ.

ಸಂಜೆಯಾದರೆ ಮೈ ಬಿಸಿಯಾಗುತ್ತಿತ್ತು. ಬ್ಲೌಸುಗಳೆಲ್ಲ ತೋಳಿನಲ್ಲಿ ಸಡಿಲವಾದವು. ಎದುರು ಮನೆಯ ಜಯಮ್ಮ ನೀರು ಹಿಡಿಯುವ ಹೊತ್ತಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನೇ ರತ್ನಾ, ಹುಡುಗೀರ ತರ ತೂಕ ಇಳಿಸ್ತಿದೀಯಾ?" ಎಂದಳು. ನನಗೂ ಒಳಗೊಳಗೇ ಖುಷಿಯಾಯಿತು, ಏಕೆ ಸುಳ್ಳು ಹೇಳಲಿ. ಸೊಂಟ ಕಾಣಿಸಿ ಎಷ್ಟು ವರ್ಷವಾಗಿತ್ತು. ಆಮೇಲೆ ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೆಮ್ಮಿ ಕೆಮ್ಮಿ ಕುಸಿದು ಕೂತಾಗ, ಇದು ಧೂಳಿನ ಕೆಮ್ಮಲ್ಲ ಎಂದು ನನಗೇ ಅನಿಸಿತು.

ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಟ್ಟೆವು, ಎಕ್ಸ್‌ರೇ ತೆಗೆಸಿದೆವು. ಫಲಿತಾಂಶ ಬರುವ ದಿನ ನಮ್ಮ ಯಜಮಾನರು ಮಗ್ಗ ನಿಲ್ಲಿಸಿ ಜೊತೆಗೆ ಬಂದರು. ಒಳಗೆ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದು. ಮೆತ್ತಗೆ ವಿಷಯ ಹೇಳಿದಳು. ಆರು ತಿಂಗಳು ಮಾತ್ರೆ ತಪ್ಪಿಸದೆ ತಿಂದರೆ ವಾಸಿಯಾಗುತ್ತದೆ ಎಂದಳು. ನಾನು ಹೊರಗೆ ಬಂದು, ಬೆಂಚಿನ ಮೇಲೆ ಕೂತಿದ್ದ ಇವರ ಕಿವಿಯ ಹತ್ತಿರ ಬಗ್ಗಿ, ಅದೇ ಮೆತ್ತನೆಯ ದನಿಯಲ್ಲಿ ಹೇಳಿದೆ.

ಜೀವಮಾನವೆಲ್ಲ ಮಗ್ಗದ ಸದ್ದಿನಲ್ಲಿ ಬದುಕಿದವರಿಗೆ ಎರಡು ತೊಂದರೆ. ಮೆತ್ತಗೆ ಹೇಳಿದ್ದು ಕೇಳಿಸುವುದಿಲ್ಲ, ಮೆತ್ತಗೆ ಮಾತಾಡಲು ಬರುವುದೂ ಇಲ್ಲ.

"ಏನಂದ್ರು? ಟೀಬಿನಾ?" ಎಂದರು ಇವರು.

ಅಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಆ ಕಡೆಯ ಬೆಂಚಿಗೆ ಹೋದಳು. ನಾನು ಇವರ ಮೊಣಕೈ ಚಿವುಟಿದೆ. ಸುಮ್ಮನಾಗಿ ಎನ್ನುವುದು ಅದರ ಅರ್ಥ. ಇವರು ಅದನ್ನು ಭಯ ಎಂದು ತಿಳಿದುಕೊಂಡರು. ಧೈರ್ಯ ಹೇಳಲು ಇನ್ನೂ ಸ್ವಲ್ಪ ದನಿ ಏರಿಸಿದರು. "ಹೆದರ್ಕೋಬೇಡ ಕಣೆ ರತ್ನಾ, ಟೀಬಿಗೆ ಈಗ ಮಾತ್ರೆ ಬಂದಿದೆಯಂತೆ."

ಆ ಕೂತಿದ್ದವರಲ್ಲಿ ನಮ್ಮ ಬೀದಿಯವರು ಇಬ್ಬರಿದ್ದರು. ಸಂಜೆಯೊಳಗೆ ನಾನು ಯಾರಿಗೂ ಹೇಳಬೇಕಾದ ಕಷ್ಟ ಉಳಿಯಲಿಲ್ಲ.

ನನಗೆ ನಿಜವಾದ ಹೆದರಿಕೆಯಾದದ್ದು ಆಟೋದಲ್ಲಿ ಮನೆಗೆ ಬರುವಾಗ. ನಮಗೆ ಒಬ್ಬಳೇ ಮಗಳು, ಪವಿತ್ರ. ನೆಲಮಂಗಲಕ್ಕೆ ಕೊಟ್ಟಿದ್ದೇವೆ. ಅವಳಿಗೆ ಆಗ ಏಳು ತಿಂಗಳು ತುಂಬಿತ್ತು. ಸೀಮಂತವಾಗಿ, ಇನ್ನೇನು ಹೆರಿಗೆಗೆ ನಮ್ಮ ಮನೆಗೆ ಬರುವವಳಿದ್ದಳು. ಮೊದಲ ಬಾಣಂತನ ತವರಿನದು. ಅಂಟಿನುಂಡೆಗೆ ಕೊಬ್ಬರಿ, ಬೆಲ್ಲ ಕಟ್ಟಿಟ್ಟಿದ್ದೆ. ಬಜೆ, ಸಾಂಬ್ರಾಣಿ ತಂದಿದ್ದೆ. ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಿಸಿದ್ದೆ. ಅದಕ್ಕಿಂತ ಭಯದ ಮಾತೆಂದರೆ, ಸೀಮಂತದ ಹೊತ್ತಿಗೆ ಅವಳು ಬಂದು ನನ್ನ ಪಕ್ಕದಲ್ಲೇ, ಒಂದೇ ಹೊದಿಕೆಯಲ್ಲಿ ಮಲಗಿದ್ದಳು. ನಾನು ಅವಳ ಮುಖದ ಹತ್ತಿರವೇ ಕೆಮ್ಮಿದ್ದೆ.

ಅವಳನ್ನೂ ಪರೀಕ್ಷೆ ಮಾಡಿಸಬೇಕು ಎಂದರು ಡಾಕ್ಟರು. ಆ ಕೆಲವು ದಿನ ನಾನು ದೇವರ ಹತ್ತಿರ ಮಾತಾಡಿದ ರೀತಿ ಬರೆಯುವುದಕ್ಕಾಗುವುದಿಲ್ಲ, ಬೇಡಿಕೊಂಡಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ಇವರ ಪರೀಕ್ಷೆ ಮುಗಿದು ಏನೂ ಇಲ್ಲ ಎಂದಾಯಿತು. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಕೊನೆಗೆ ಪವಿತ್ರಳ ಫೋನು ಬಂತು. "ಅಮ್ಮ, ನಂದೇನೂ ಇಲ್ವಂತೆ. ಪಾಪೂನೂ ಚೆನ್ನಾಗಿದೆಯಂತೆ. ನೀನು ಊಟ ಮಾಡು." ಕಾಯಿಲೆ ಗೊತ್ತಾದ ಮೇಲೆ ನಾನು ಮೊದಲ ಸಲ ಅತ್ತದ್ದು ಆಗಲೇ.

ಆದರೆ ಅವಳು ಬರುವಂತಿರಲಿಲ್ಲ. ಬಾಣಂತನ ನೆಲಮಂಗಲದಲ್ಲೇ ಎಂದು ನಿಶ್ಚಯವಾಯಿತು. ಅವಳ ಅತ್ತೆ, ನಮ್ಮ ಬೀಗಿತ್ತಿ ಸರೋಜಮ್ಮ ಫೋನಿನಲ್ಲಿ, "ನಾನಿದೀನಿ ಬಿಡಿ ರತ್ನಮ್ಮ, ನೀವು ನಿಮ್ಮ ಮೈ ನೋಡ್ಕೊಳಿ" ಎಂದರು. ಒಳ್ಳೆಯ ಮಾತೇ. ಆದರೂ ನನ್ನ ಕೈಯಿಂದ ಯಾರೋ ಏನನ್ನೋ ಕಿತ್ತುಕೊಂಡ ಹಾಗಾಯಿತು. ಆ ಕೊಬ್ಬರಿ, ಬೆಲ್ಲ, ಹಳೇ ಸೀರೆಗಳನ್ನೆಲ್ಲ ಚೀಲಕ್ಕೆ ತುಂಬಿ ಇವರ ಕೈಲಿ ಕಳಿಸಿದೆ. ಸೀರೆಗಳನ್ನು ಅವರು ಬಿಸಿಲಿಗೆ ಹಾಕಿ ಎತ್ತಿಟ್ಟರಂತೆ, ಬಳಸಲಿಲ್ಲವಂತೆ.

ನನಗೆ ಬೀದಿಯ ಕಡೆ ಕಿಟಕಿಯಿರುವ ಮುಂದಿನ ಕೋಣೆ. ಬೆಳಿಗ್ಗೆ ಮಾತ್ರೆ, ಆಮೇಲೆ ಹೊಟ್ಟೆ ತೊಳಸುವುದು, ಆಮೇಲೆ ಕಿಟಕಿ. ಮೊದಲ ದಿನ ಮೂತ್ರ ಕೆಂಪಗೆ ಹೋದದ್ದು ನೋಡಿ ನನ್ನ ಕಥೆ ಮುಗಿಯಿತು ಎಂದುಕೊಂಡೆ. ಮಾತ್ರೆಯ ಬಣ್ಣ ಅದು ಎಂದು ಆಶಾ ಕಾರ್ಯಕರ್ತೆ ನಕ್ಕಳು. ಈ ಕಾಯಿಲೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅದೊಂದಕ್ಕೆ ಹೆದರಬೇಡಿ.

ಬೀದಿಯವರು ಕೆಟ್ಟವರಾಗಲಿಲ್ಲ, ಆದರೆ ಕಿಟಕಿಯ ಮುಂದೆ ಹೋಗುವಾಗ ನಡಿಗೆ ಸ್ವಲ್ಪ ಬೇಗ ಮಾಡಿಕೊಂಡರು. ಜಯಮ್ಮ ಮಾತ್ರ ಒಂದು ಮಧ್ಯಾಹ್ನ ಸ್ಟೀಲ್ ಡಬ್ಬಿಯಲ್ಲಿ ಹುರುಳಿಕಟ್ಟಿನ ಸಾರು ತಂದು ಕಿಟಕಿಯಲ್ಲಿಟ್ಟಳು. ಯಾರ ಮನೆಯ ಪಾತ್ರೆಯನ್ನೂ ನಾವು ಬರಿದಾಗಿ ಹಿಂದಿರುಗಿಸುವುದಿಲ್ಲ, ಏನಿಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಆದರೆ ಟೀಬಿ ಮನೆಯ ಸಕ್ಕರೆ ಯಾರಿಗೆ ಬೇಕು, ಹೇಗಿದ್ದರೂ ಚರಂಡಿಗೆ ಸುರಿಯುತ್ತಾಳೆ ಎಂದು ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು, ಬರಿದೇ ಇವರ ಕೈಲಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಜಯಮ್ಮ ಕಿಟಕಿಯ ಮುಂದೆ ಪ್ರತ್ಯಕ್ಷಳಾದಳು.

"ಏನೇ ಇದು? ಬರೀ ಡಬ್ಬಿ ಕಳ್ಸಿದೀಯಾ? ನಮ್ಮನೆಗೇನು ಕೇಡು ಬಯಸ್ತಿದೀಯಾ?"

"ನನ್ನ ಕೈದು ನೀವು ತಿಂತೀರಾ ಜಯಕ್ಕಾ?"

"ಮೊದಲು ಸಕ್ಕರೆ ಹಾಕು. ತಿಂತೀನೋ ಬಿಡ್ತೀನೋ ಅದು ನನ್ನಿಷ್ಟ."

ಹಾಕಿ ಕೊಟ್ಟೆ. ಅಲ್ಲೇ ನಿಂತು, ನನ್ನ ಕಣ್ಣೆದುರಿಗೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಹೋದಳು. ಆ ಆರು ತಿಂಗಳಲ್ಲಿ ನನಗೆ ಸಿಕ್ಕ ಔಷಧಿಗಳಲ್ಲಿ ಅದೂ ಒಂದು.

ಸ್ವೆಟರು ಸಿಕ್ಕಿದ್ದು ನನ್ನ ಮಂಚಕ್ಕೆ ಜಾಗ ಮಾಡುವಾಗ. ಇವರು ಹಳೆಯ ಟ್ರಂಕನ್ನು ಆಚೆ ಎಳೆದಾಗ ಅದರೊಳಗೆ ಒಂದು ಬಟ್ಟೆಚೀಲ, ಚೀಲದೊಳಗೆ ಎರಡು ಕಡ್ಡಿ, ತಿಳಿ ಹಸಿರು ಉಲ್ಲನ್ನು, ಮತ್ತು ಗೇಣಗಲದ ಒಂದು ಪುಟ್ಟ ಬೆನ್ನು, ಮಗುವಿನ ಸ್ವೆಟರಿನದು. ಪವಿತ್ರ ಹೊಟ್ಟೆಯಲ್ಲಿದ್ದಾಗ ಶುರು ಮಾಡಿದ್ದು. ಹೈಸ್ಕೂಲಿನಲ್ಲಿ ಕಲಿತ ಹೆಣಿಗೆಯನ್ನು ತೋರಿಸುವ ಹುಮ್ಮಸ್ಸು ಆಗ. ಬೆನ್ನು ಮುಗಿಸಿ ಎದೆಯ ಭಾಗಕ್ಕೆ ಕುಣಿಕೆ ಹಾಕುವಷ್ಟರಲ್ಲಿ ನಮ್ಮತ್ತೆ ನೋಡಿಬಿಟ್ಟರು. "ಹುಟ್ಟೋಕ್ ಮುಂಚೆ ಮಗೀಗೆ ಬಟ್ಟೆ ಮಾಡ್ತಾರೇನೇ? ಎತ್ತಿಡು ಅದ್ನ." ಎತ್ತಿಟ್ಟೆ. ಮಗು ಹುಟ್ಟಿದ ಮೇಲೆ ತೆಗೆಯೋಣವೆಂದುಕೊಂಡೆ. ಮಗುವಾದ ಮೇಲೆ ಹೆಣಿಗೆಗೆ ಕೂತ ತಾಯಿಯನ್ನು ನಾನಂತೂ ನೋಡಿಲ್ಲ. ಮಗ್ಗ ಎರಡಿದ್ದದ್ದು ನಾಲ್ಕಾಯಿತು, ಪ್ರತಿ ಚಳಿಗಾಲಕ್ಕೂ ಅದು ನೆನಪಿಗೆ ಬಂದು, ಪ್ರತಿ ಚಳಿಗಾಲವೂ ಹಾಗೇ ಹೋಯಿತು.

ಈಗ ಕೈ ಖಾಲಿ. ಕಂಡಿಕೆ ಮುಟ್ಟಲು ಬಿಡುತ್ತಿರಲಿಲ್ಲ. ಆದರೆ ಈ ಸಲವೂ ಮಗು ಹೊಟ್ಟೆಯಲ್ಲೇ ಇತ್ತು, ಪವಿತ್ರಳ ಹೊಟ್ಟೆಯಲ್ಲಿ. ಅತ್ತೆ ತೀರಿಕೊಂಡು ವರ್ಷಗಳಾಗಿದ್ದರೂ ಅವರ ಮಾತು ಮನೆಯಲ್ಲೇ ಇತ್ತು. ಈ ಸಲವಂತೂ ಶಾಸ್ತ್ರ ಮೀರುವ ಧೈರ್ಯ ನನಗಿರಲಿಲ್ಲ. ಎರಡು ದಿನ ಚೀಲವನ್ನು ಸುಮ್ಮನೆ ನೋಡುತ್ತ ಮಲಗಿದೆ. ಮೂರನೆಯ ದಿನ ಗೋಡೆಯ ಮೇಲಿದ್ದ ಅತ್ತೆಯ ಫೋಟೋಗೆ ಹೇಳಿದೆ, "ಇದು ಹುಟ್ಟೋ ಮಗೀಗಲ್ಲ ಅತ್ತೆ. ನಿಮ್ಮ ಪವಿತ್ರಂಗೆ ಅಂತ ಶುರು ಮಾಡಿದ್ದು. ಅವಳು ಹುಟ್ಟಿ ಆಯ್ತಲ್ಲ." ಅತ್ತೆ ಬದುಕಿದ್ದಿದ್ದರೆ ಈ ವಾದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಆದರೂ ಕಡ್ಡಿ ಎತ್ತಿಕೊಂಡೆ.

ಮೊದಮೊದಲು ಎರಡು ಸಾಲಿಗೇ ಕೈ ಬಿದ್ದುಹೋಗುತ್ತಿತ್ತು. ಕುಣಿಕೆಗಳು ಜಾರುತ್ತಿದ್ದವು. ಮಧ್ಯೆ ಕೆಮ್ಮು ಬಂದರೆ ಮಾಸ್ಕ್ ಹಾಕಿದ್ದರೂ ಉಲ್ಲನ್ನನ್ನು ಸೆರಗಿನಿಂದ ಮುಚ್ಚುತ್ತಿದ್ದೆ. ಬಟ್ಟೆಯಿಂದ ಇದು ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನನಗೆ ಗೊತ್ತಿತ್ತು, ನನ್ನ ಕೈಗೆ ಗೊತ್ತಿರಲಿಲ್ಲ. ಶೆಡ್ಡಿನಲ್ಲಿ ಇವರೊಬ್ಬರೇ ಮಗ್ಗ ನಡೆಸಿ, ಕಂಡಿಕೆ ಸುತ್ತಿ, ಅನ್ನ ಮಾಡಿ ಮುಗಿಸುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಎಳೆ ಹರಿದು ಮಗ್ಗದ ಸದ್ದು ನಿಂತರೆ ನನ್ನ ಕಾಲು ತಾನಾಗಿಯೇ ಮಂಚದಿಂದ ಇಳಿಯುತ್ತಿತ್ತು. ಮತ್ತೆ ಸದ್ದು ಶುರುವಾಗುವವರೆಗೆ ನನಗೆ ಒಂದು ಸಾಲೂ ಸಾಗುತ್ತಿರಲಿಲ್ಲ.

ಒಂದು ಸಂಜೆ ಇವರು ಬಾಗಿಲಲ್ಲಿ ನಿಂತು ಹೆಣಿಗೆಯನ್ನು ಕೇಳಿ ಪಡೆದರು. ಸೀರೆ ನೋಡುವ ಹಾಗೆಯೇ ಬೆಳಕಿಗೆ ಹಿಡಿದು, ಬೆರಳಲ್ಲಿ ಹಿಸುಕಿ ನೋಡಿದರು. "ಬೆನ್ನು ಬಿಗಿಯಾಗಿದೆ. ಎದೆ ಸಡ್ಲ ಬಂದಿದೆ ಕಣೆ. ಅಗಲನೂ ಜಾಸ್ತಿ."

"ಕುಣಿಕೆ ಅಷ್ಟೇ ಇದಾವೆ. ಬೆನ್ನು ಹೆಣೆದಾಗ ನನಗೆ ಇಪ್ಪತ್ತೆರಡು. ಈಗ ಕೈಯಲ್ಲಿ ಬಿಗಿ ಎಲ್ಲಿದೆ?"

"ಬಿಚ್ಚಿ ಮತ್ತೆ ಹೆಣಿ."

"ಬಿಚ್ಚಲ್ಲ ರೀ. ಇದ್ದಂಗಿರ್ಲಿ."

ಇವರು ಹಿಂದಕ್ಕೆ ಕೊಟ್ಟರು. ಸೀರೆಯಲ್ಲಿ ಒಂದು ಎಳೆ ತಪ್ಪಿದ್ದರೂ ನಿದ್ದೆ ಮಾಡದ ಮನುಷ್ಯ. ಆಮೇಲಾಮೇಲೆ, ಮಾತ್ರೆ ಮೈಗೆ ಹತ್ತಿದಂತೆ, ಅದೇ ಎದೆಯ ಭಾಗ ಮೇಲೆ ಹೋಗುತ್ತ ಹೋಗುತ್ತ ತಾನಾಗಿ ಬಿಗಿಯಾಗುತ್ತ ಬಂತು. ಕೆಳಗೆ ಅಗಲ, ಮೇಲೆ ಕಿರಿದು. ಆಸ್ಪತ್ರೆಯ ತೂಕದ ಯಂತ್ರಕ್ಕಿಂತ ಮುಂಚೆ ನಾನು ಹುಷಾರಾಗುತ್ತಿರುವುದು ನನಗೆ ಅಲ್ಲಿ ಕಂಡಿತು.

ಮೊಮ್ಮಗಳು ಹುಟ್ಟಿದ ಸುದ್ದಿ ಫೋನಿನಲ್ಲಿ ಬಂತು. ಅದೇ ಸುಮಾರಿಗೆ ನನ್ನ ಕಫದ ಪರೀಕ್ಷೆಯೂ ಚೊಕ್ಕಟವಾಗಿ ಬಂತು. ಇನ್ನು ನಿಮ್ಮಿಂದ ಯಾರಿಗೂ ಹರಡುವುದಿಲ್ಲ, ಮಾತ್ರೆ ಮಾತ್ರ ಬಿಡಬೇಡಿ, ಮಗುವನ್ನು ನೋಡಿ ಬನ್ನಿ ಎಂದರು ಡಾಕ್ಟರು. ಮಾಸ್ಕ್ ಹಾಕಿಕೊಂಡು ಇವರ ಜೊತೆ ಬಸ್ಸಿನಲ್ಲಿ ನೆಲಮಂಗಲಕ್ಕೆ ಹೋದೆ. ಸರೋಜಮ್ಮ ಬಾಗಿಲಲ್ಲೇ ನಗುತ್ತ ಬರಮಾಡಿಕೊಂಡರು. ಕುರ್ಚಿಯನ್ನು ಮಾತ್ರ ನಡುಮನೆಯ ಈ ತುದಿಯಲ್ಲಿ, ಹೊಸ್ತಿಲ ಪಕ್ಕದಲ್ಲಿ ಹಾಕಿದ್ದರು. ಪವಿತ್ರ ಆ ತುದಿಯ ಕೋಣೆಯಿಂದ ಮಗುವನ್ನು ಎತ್ತಿ ತೋರಿಸಿದಳು. ಕೆಂಪು ಹಣೆ, ಕಪ್ಪು ಕೂದಲು, ಅಷ್ಟೇ ಕಂಡದ್ದು.

"ತಪ್ಪು ತಿಳ್ಕೋಬೇಡಿ ರತ್ನಮ್ಮ, ಹಸೀ ಕೂಸು. ಮಾತ್ರೆ ಮುಗ್ದ್ಬಿಡ್ಲಿ," ಎಂದರು ಸರೋಜಮ್ಮ. ಅವರ ಕಣ್ಣು ನೆಲ ನೋಡುತ್ತಿತ್ತು.

"ಇಲ್ಲ ಬಿಡಿ, ನನಗೂ ಅದೇ ಸರಿ," ಎಂದೆ. ಕಾಫಿ ಕುಡಿದು ಎದ್ದು ಬಂದೆ. ಬಸ್ಸಿನಲ್ಲಿ ಇವರು ಕಡಲೆಕಾಯಿ ಬಿಡಿಸಿ ಬಿಡಿಸಿ ನನ್ನ ಕೈಗೆ ಹಾಕುತ್ತಲೇ ಇದ್ದರು. ನಾನು ತಿನ್ನುತ್ತ ಅಳುತ್ತ ಇರುವಾಗಲೇ ದೊಡ್ಡಬಳ್ಳಾಪುರ ಬಂತು.

ಬೆನ್ನು, ಎದೆ ಎರಡೂ ಮುಗಿದಿದ್ದವು. ತೋಳು ಹೆಣೆದು ಜೋಡಿಸಲು ಮಗುವಿನ ಅಳತೆ ಬೇಕಿತ್ತು. ಪವಿತ್ರಳಿಗೆ ಫೋನು ಮಾಡಿ ಎದೆಯ ಸುತ್ತಳತೆ ಎಷ್ಟಿದೆ ಎಂದೆ. "ಎರಡು ಗೇಣು, ಮೇಲೆ ಮೂರು ಬೆರಳು" ಎಂದಳು.

"ಯಾರ ಗೇಣು?"

"ನಂದೇ ಅಮ್ಮ."

ನಾನು ನನ್ನ ಕೈ ಚಾಚಿ ನೋಡಿಕೊಂಡೆ. ಅವಳ ಗೇಣು ನನ್ನದಕ್ಕಿಂತ ದೊಡ್ಡದೋ ಚಿಕ್ಕದೋ ಎನ್ನುವುದು ನನಗೆ ಗೊತ್ತಿಲ್ಲ. ಹೆತ್ತ ಮಗಳ ಕೈ ಎಷ್ಟುದ್ದ ಎಂದು ಗೊತ್ತಿಲ್ಲ. ಮಗಳ ಕೈಯನ್ನು ಕೊನೆಗೆ ಯಾವಾಗ ಹಿಡಿದಿದ್ದೆ ಎಂದು ಯೋಚಿಸುತ್ತ ಫೋನು ಹಿಡಿದುಕೊಂಡೇ ಕೂತೆ.

ಆ ವಾರ ಅಳಿಯಂದಿರು ಈ ಕಡೆ ಕೆಲಸವಿದ್ದಾಗ ಬಂದು ಕಿಟಕಿಯಲ್ಲಿ ಒಂದು ಪುಟ್ಟ ಪೊಟ್ಟಣ ಕೊಟ್ಟರು. ಒಳಗೆ ಎರಡು ಬಿಳೀ ದಾರ. ಉದ್ದದ್ದು ಮಗುವಿನ ಎದೆ, ಗಿಡ್ಡದ್ದು ತೋಳು. ತುದಿಗೆ ಗಂಟು ಹಾಕಿತ್ತು. "ಪವಿತ್ರ ಕೊಟ್ಟಳೇನಪ್ಪಾ?" ಎಂದೆ.

"ಇಲ್ಲ ಅತ್ತೆ, ಅಮ್ಮ ಅಳೆದು ಕೊಟ್ಟಿದ್ದು. ಗೇಣಿನ ಲೆಕ್ಕ ಕೇಳಿ ಬೈದ್ರು ಅವಳಿಗೆ. ಅಷ್ಟು ದೂರದಲ್ಲಿ ಕೂತೋರಿಗೆ ಗೇಣಿಂದ ಹೆಂಗೆ ಗೊತ್ತಾಗುತ್ತೆ, ದಾರ ಕಳ್ಸು ಅಂತ."

ಹೊಸ್ತಿಲ ಪಕ್ಕ ಕುರ್ಚಿ ಹಾಕಿದವರೂ ಅವರೇ, ಮಗುವಿನ ಮೈ ಸುತ್ತಿದ ದಾರ ಕಳಿಸಿದವರೂ ಅವರೇ. ದಾರಕ್ಕೆ ಸಾಂಬ್ರಾಣಿ ಹೊಗೆಯ ವಾಸನೆಯಿತ್ತು. ಯಾರೂ ನೋಡದ ಹಾಗೆ ಅದನ್ನು ಕೆನ್ನೆಗೆ ಒತ್ತಿಕೊಂಡೆ. ಬೀಗಿತ್ತಿಯ ಮೇಲಿದ್ದ ನನ್ನ ಮುನಿಸು ಅರ್ಧ ಅಲ್ಲಿಗೇ ಇಳಿಯಿತು.

ಅಷ್ಟರಲ್ಲಿ ಉಲ್ಲನ್ನು ಮುಗಿಯಿತು. ಅಂಥ ಬಣ್ಣ ಈಗ ಎಲ್ಲಿ ಸಿಗುತ್ತದೆ. ಇವರು ಪೇಟೆಯೆಲ್ಲ ತಿರುಗಿ ಬಂದರು, ಹೊಂದಲಿಲ್ಲ. ಆಮೇಲೆ ಎರಡು ದಿನ ಮಗ್ಗ ನಿಂತಾಗಲೂ ಶೆಡ್ಡಿನಿಂದ ರಾಟೆಯ ಸದ್ದು ಬರುತ್ತಿತ್ತು. ಕೊನೆಗೆ ಒಂದು ಉಂಡೆ ತಂದು ಮಂಚದ ಮೇಲಿಟ್ಟರು. ಹಳೆಯ ಕಂಡಿಕೆಗಳಲ್ಲಿ ಅಷ್ಟಿಷ್ಟು ಉಳಿದಿದ್ದ ಮಾವಿನಹಣ್ಣಿನ ಬಣ್ಣದ ರೇಷ್ಮೆಯನ್ನೆಲ್ಲ ಹುಡುಕಿ, ಹತ್ತಾರು ಎಳೆ ಒಟ್ಟಿಗೆ ಹುರಿಮಾಡಿ, ಉಲ್ಲನ್ನಿನ ದಪ್ಪಕ್ಕೆ ತಂದಿದ್ದರು.

"ಮಗೀಗೆ ಚುಚ್ಚಲ್ಲ," ಎಂದರು. ಅವರಿಗೆ ಬರುವ ಮೆತ್ತನೆಯ ದನಿ ಅಷ್ಟೇ, ಬೀದಿಯ ತುದಿಗೆ ಕೇಳಿಸಿರಬೇಕು.

ರೇಷ್ಮೆ ಕಡ್ಡಿಯ ಮೇಲೆ ನಿಲ್ಲುವುದಿಲ್ಲ, ಜಾರುತ್ತದೆ. ಎಷ್ಟು ಸಲ ಬಿಚ್ಚಿದೆನೋ. ಅಂತೂ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತ ಒಂದು ಮಧ್ಯಾಹ್ನ, ಕೊನೆಯ ಗುಂಡಿ ಹೊಲಿದು ದಾರ ಕತ್ತರಿಸಿದೆ. ಹಸಿರು ಮೈ, ಹಳದಿ ತೋಳು, ಸಣ್ಣ ಬೆನ್ನು, ಕೆಳಗೆ ಅಗಲವಾದ ಎದೆ. ಇಷ್ಟು ವಕ್ರ ಸ್ವೆಟರು ನಾನು ಬೇರೆ ಕಡೆ ನೋಡಿಲ್ಲ. ತುಂಬ ಸಂತೋಷವಾಯಿತು. ಆದರೆ ಕಳಿಸಲಿಲ್ಲ. ಹಳೇ ಸೀರೆಗಳ ಹಾಗೆ ಇದನ್ನೂ ಬಿಸಿಲಿಗೆ ಹಾಕಿ ಎತ್ತಿಟ್ಟುಬಿಟ್ಟರೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಮಾತ್ರೆಗಳು ಮುಗಿದವು. ಕೊನೆಯ ಪರೀಕ್ಷೆಯೂ ಆಯಿತು. ಪವಿತ್ರಳಿಗೆ ಫೋನಿನಲ್ಲಿ ಹೇಳಿದೆ, ಬಾ ಎಂದು ಮಾತ್ರ ಕರೆಯಲಿಲ್ಲ. ಕರೆದು, ಅವರು ಇನ್ನೂ ಸ್ವಲ್ಪ ದಿನ ಹೋಗಲಿ ಎಂದರೆ? ಅದಾದ ವಾರಕ್ಕೆ ಮನೆ ಮುಂದೆ ಕಾರು ನಿಂತಿತು. ಮೊದಲು ಇಳಿದವರು ಸರೋಜಮ್ಮ, ಅವರ ಹೆಗಲ ಮೇಲೆ ಮಗು, ಹಿಂದೆ ಪವಿತ್ರ, ದೊಡ್ಡ ಬ್ಯಾಗು. ನಾನು ರೂಢಿಯಂತೆ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದೆ.

"ಬಾಣಂತನ ಅರ್ಧ ನಾನು ಮಾಡಿದೀನಿ ರತ್ನಮ್ಮ, ಉಳಿದರ್ಧ ನಿಮ್ಮದು. ನನ್ನ ಸೊಂಟ ಬಿದ್ದೋಗಿದೆ," ಎಂದರು ಸರೋಜಮ್ಮ. "ಒಂದು ತಿಂಗಳು ಇಟ್ಕೊಳಿ."

ಸ್ವೆಟರು ಎಲ್ಲಿ ಎಂದು ಅವರೇ ಕೇಳಿದರು. ಅವರೇ ತೊಡಿಸಲು ನೋಡಿದರು. ಚಾರ್ವಿ ಎಂದು ಹೆಸರಿಟ್ಟಿದ್ದ ನಾಲ್ಕು ತಿಂಗಳ ಮೊಮ್ಮಗಳ ತೋಳು ಮೊಣಕೈಯಲ್ಲೇ ಸಿಕ್ಕಿಕೊಂಡಿತು, ಹೆಗಲ ಮೇಲಿನ ಗುಂಡಿಗಳು ಕಾಜಾಗಳ ಹತ್ತಿರಕ್ಕೂ ಬರಲಿಲ್ಲ. ದಾರ ಕಳಿಸಿದ ಮೇಲೆ ಮಗು ಸುಮ್ಮನೆ ಕೂತಿರುತ್ತದೆಯೇ.

"ತೆಗ್ದಿಡಿ, ಮುಂದಿನದಕ್ಕಾಗುತ್ತೆ," ಎಂದರು ಸರೋಜಮ್ಮ.

"ಅತ್ತೇ, ಸುಮ್ನಿರಿ," ಎಂದಳು ಪವಿತ್ರ. ಎಲ್ಲರೂ ನಕ್ಕೆವು. ನನ್ನ ಕೆಲಸ ಅಷ್ಟೂ ವ್ಯರ್ಥವಾಯಿತು ಎಂದು ನನಗೆ ಒಂದು ಚೂರೂ ಅನಿಸಲಿಲ್ಲ. ಉಣ್ಣುತ್ತ, ಬೆಳೆಯುತ್ತ, ನನ್ನ ಅಳತೆ ಮೀರಿದ ಮಗು ಕಣ್ಣ ಮುಂದಿತ್ತು. ಇನ್ನೇನು ಬೇಕು.

ಮಾರನೆಯ ಬೆಳಿಗ್ಗೆ ಹಂಡೆಯಲ್ಲಿ ನೀರು ಕಾಯಿಸಿದೆ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಎರಡು ಕಾಲು ಚಾಚಿದೆ. ನಮ್ಮಮ್ಮ ಪವಿತ್ರಳಿಗೆ ಹೀಗೇ ನೀರು ಹಾಕುತ್ತಿದ್ದಳು. ನನ್ನ ಕಾಲು ಇನ್ನೂ ಸಣ್ಣಗೇ ಇದ್ದವು, ಮಗುವಿನ ಭಾರ ತಡೆಯುತ್ತವೋ ಇಲ್ಲವೋ ಎನಿಸಿತು. ಪವಿತ್ರ ಎಣ್ಣೆ ಹಚ್ಚಿದ ಮಗುವನ್ನು ತಂದು ಕಾಲುಗಳ ಮೇಲೆ ಅಂಗಾತ ಮಲಗಿಸಿದಳು. ಬೆಚ್ಚಗೆ, ಜಾರುತ್ತ, ಭಾರವಾಗಿ ಇತ್ತು. ಕಾಲು ತಡೆದವು. ನಾನು ಒಂದು ಕೈಯಿಂದ ಮಗುವನ್ನು ಹಿಡಿದು, ಇನ್ನೊಂದು ಕೈಯಿಂದ ಎದೆಯ ಮೇಲೆ ನೀರು ಬಿಡತೊಡಗಿದೆ. ಮುಖ ಮಾತ್ರ ಪಕ್ಕದ ಗೋಡೆಯ ಕಡೆಗಿತ್ತು. ಉಸಿರು ಕೂಡ ಆ ಕಡೆಗೇ ಬಿಡುತ್ತಿದ್ದೆ.

ಪವಿತ್ರ ನನ್ನ ಕೈಯಿಂದ ಚೊಂಬು ತೆಗೆದು ಕೆಳಗಿಟ್ಟಳು. ನನ್ನ ಗಲ್ಲಕ್ಕೆ ಎಣ್ಣೆಗೈ ಹಾಕಿದಳು.

"ಈ ಕಡೆ ನೋಡಮ್ಮ," ಎಂದಳು. "ಅವಳು ನಿನ್ನೇ ನೋಡ್ತಿದಾಳೆ."

ತಿರುಗಿದೆ.